ಹೊರರಾಜ್ಯದಿಂದ ಕುದುರೆ ತರುವ ಮುನ್ನ



ಮಹಾರಾಷ್ಟ್ರದ ಸಾರಂಗಖೇಡ, ರಾಜಸ್ಥಾನದ ಪುಷ್ಕರ ಮೊದಲಾದ ಜಾತ್ರೆಗಳಲ್ಲಿ ಕುದುರೆ ಕೊಳ್ಳುವವರು ಸುಳಿ ನೋಡುತ್ತಾರೆ, ಹಲ್ಲು ನೋಡಿ ವಯಸ್ಸು ಹೇಳುತ್ತಾರೆ. ರಕ್ತಪರೀಕ್ಷೆಯ ವರದಿ ಕೇಳುವವರು ಮಾತ್ರ ಕಡಿಮೆ.

ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಗ್ಲ್ಯಾಂಡರ್ಸ್ ಎಂಬ ಅಂಟುರೋಗ ಬರುತ್ತದೆ. ಮೂಗಿನಿಂದ ಅಂಟಾದ ಹಳದಿ ಸಿಂಬಳ, ಮೂಗಿನೊಳಗೆ ಹುಣ್ಣು, ಚರ್ಮದಡಿ ಸಾಲುಗಂಟುಗಳು ಒಡೆದು ಕೀವು ಸೋರುವುದು ಇದರ ಲಕ್ಷಣಗಳು. ಕೆಲವು ಕುದುರೆಗಳಲ್ಲಿ ತಿಂಗಳುಗಟ್ಟಲೆ ಏನೂ ಎದ್ದು ಕಾಣುವುದಿಲ್ಲ. ಆದರೂ ಅದೇ ತೊಟ್ಟಿಯ ನೀರು ಕುಡಿದ ಕುದುರೆಗೆ ರೋಗ ಹರಡುತ್ತದೆ. ಮೈ ಉಜ್ಜುವ ಆಳಿಗೂ ಅಂಟಿ ಪ್ರಾಣ ತೆಗೆಯಬಲ್ಲದು. ಇದಕ್ಕೆ ಲಸಿಕೆಯಿಲ್ಲ. ನಮ್ಮ ದೇಶದಲ್ಲಿ ಚಿಕಿತ್ಸೆ ಮಾಡುವಂತಿಲ್ಲ. ರೋಗ ಖಚಿತವಾದರೆ ದಯಾಮರಣವೇ ಗತಿ.

ಆದ್ದರಿಂದ ಹಣ ಕೊಡುವ ಮುನ್ನವೇ ಅಲ್ಲಿಯ ಸರಕಾರಿ ಪಶುವೈದ್ಯರಿಂದ ರಕ್ತ ತೆಗೆಸಿರಿ. ಸಂಶಯ ಬಂದ ಮಾದರಿಗಳನ್ನು ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳುತ್ತಾರೆ. ವರದಿ ಬರುವ ತನಕ ಕುದುರೆ ಮಾರುವವನ ಲಾಯದಲ್ಲೇ ಇರಲಿ. ಅವನು ಅವಸರಪಡಿಸಿದರೆ ನೀವು ನಿಧಾನಿಸುವುದೇ ಮೇಲು. ವರದಿಯಲ್ಲಿ ಕುದುರೆಯ ಬಣ್ಣ, ಸುಳಿ, ಗುರುತು ಬರೆದಿದೆಯೇ ನೋಡಿರಿ. ಒಂದರ ಚೀಟಿ ಇನ್ನೊಂದಕ್ಕೆ ನಡೆಯಬಾರದಲ್ಲ!

ಪ್ರಯಾಣಕ್ಕೆ ಬೇರೆಯೇ ಪತ್ರ ಬೇಕು. 1978ರ ಪ್ರಾಣಿ ಸಾಗಾಣಿಕೆ ನಿಯಮಗಳಂತೆ, ಕುದುರೆಗೆ ಅಂಟುರೋಗವಿಲ್ಲ, ಅದು ಪ್ರಯಾಣಕ್ಕೆ ಯೋಗ್ಯವಾಗಿದೆ ಎಂದು ಪಶುವೈದ್ಯರು ಬರೆದುಕೊಡಬೇಕು. ಅದಿಲ್ಲದೆ ಲಾರಿಯವರು ಕುದುರೆ ಹತ್ತಿಸಿಕೊಳ್ಳುವಂತಿಲ್ಲ. ಆದರೆ ಈ ಪತ್ರ ರಕ್ತಪರೀಕ್ಷೆಗೆ ಬದಲಿಯಾಗದು. ಎರಡೂ ಗಾಡಿಯಲ್ಲಿರಲಿ.

ರೋಗ ಕಂಡ ಪ್ರದೇಶದಿಂದ ಕುದುರೆ ಸಾಗಿಸಲು ಸರಕಾರ ನಿರ್ಬಂಧ ಹಾಕುತ್ತದೆ. ಹೊರಡುವ ಮುನ್ನ ನಿಮ್ಮ ಪಶು ಆಸ್ಪತ್ರೆಯಲ್ಲಿ ವಿಚಾರಿಸಿರಿ. ತಂದ ಕುದುರೆಯನ್ನು ಮೂರು ವಾರ ಬೇರೆ ಕಟ್ಟಿ, ಅದಕ್ಕೆ ಬೇರೆ ಬಕೆಟ್ಟು, ಬೇರೆ ಬ್ರಷ್ಷು ಇಡಿರಿ.