ಹದಿನೈದು ಒದೆತ



ವಿಡಿಯೊ ಗೇಮ್ ಬಗ್ಗೆ ಮಾತಾಡಿ, ಸ್ಟ್ರಾಟಜಿ ಆಟ, ಆಕ್ಷನ್ ಆಟ ಎರಡೂ ಬರಲಿ, ಹನ್ನೆರಡು ನಿಮಿಷದಲ್ಲಿ ಮುಗಿಸಿ ಎಂದು ರೇಡಿಯೊ ನಿಲಯದವರು ಕೇಳಿದಾಗ ಹಿಂದುಮುಂದು ನೋಡದೆ ಒಪ್ಪಿಕೊಂಡೆ. ಹನ್ನೆರಡು ನಿಮಿಷ ಅಂದರೆ ಏಜ್ ಆಫ್ ಎಂಪೈರ್ಸ್ ಆಡುವವರ ಲೆಕ್ಕದಲ್ಲಿ ಎರಡನೇ ಯುಗಕ್ಕೆ ಕಾಲಿಟ್ಟು ನಾಲ್ಕು ಕುದುರೆ ಹೊರಡಿಸುವಷ್ಟು ಹೊತ್ತು. ಇರಲಿ, ನೋಡೋಣ.

ಮೂಲಪಾಠ ಹೇಳುತ್ತಾ ಕೂರುವುದಿಲ್ಲ. ಸ್ಟ್ರಾಟಜಿ ಅಂದರೆ ಊರು ಕಟ್ಟು, ಕಾಳು ಕೂಡಿಸು, ದಂಡು ಬೆಳೆಸು, ಎದುರಾಳಿಯ ಊರು ಕೆಡವು. ಆಕ್ಷನ್ ಅಂದರೆ ಒಬ್ಬನೇ ಹುರಿಯಾಳು, ಅವನ ಕೈಕಾಲು, ನಿಮ್ಮ ಬೆರಳು. ಉಳಿದದ್ದನ್ನು ಮನೆಯಲ್ಲಿರುವ ಹುಡುಗನನ್ನೋ ಹುಡುಗಿಯನ್ನೋ ಕೇಳಿ, ನನಗಿಂತ ಚೆನ್ನಾಗಿ ಹೇಳುತ್ತಾರೆ. ನನಗಿರುವುದು ಒಂದು ತಕರಾರು. ಮೊದಲನೆಯದು ಬುದ್ಧಿವಂತರ ಆಟ, ಎರಡನೆಯದು ಬರೀ ಕೈಚಳಕ ಎಂದು ಎಲ್ಲರೂ ನಂಬಿದ್ದಾರಲ್ಲ, ಆಡುವವರೂ ನಂಬಿದ್ದಾರೆ, ಅದು ತಲೆಕೆಳಗಾದ ಮಾತು. ಸ್ಟ್ರಾಟಜಿ ಆಟದಲ್ಲಿ ನಾವು ಸೋಲುವುದು ಹೆಚ್ಚಾಗಿ ಕೈ ಸಾಲದೆ. ಹೊಡೆದಾಟದ ಆಟದಲ್ಲಿ ಸೋಲುವುದು ಎದುರಿಗೆ ಕೂತವನ ಮನಸ್ಸು ಓದಲಾರದೆ.

ಏಜ್ ಆಫ್ ಎಂಪೈರ್ಸ್ ಎರಡನೇ ಭಾಗವನ್ನೇ ತೆಗೆದುಕೊಳ್ಳಿ. 1999ರಲ್ಲಿ ಬಂದದ್ದು, ಡಲ್ಲಾಸ್‌ನ ಎನ್ಸೆಂಬಲ್ ಸ್ಟುಡಿಯೋಸ್ ಮಾಡಿದ್ದು. ಒಬ್ಬ ಹಳ್ಳಿಗ ಹುಟ್ಟಬೇಕಾದರೆ 50 ಆಹಾರ, 25 ಸೆಕೆಂಡು. ಹಳ್ಳಿಗರು ಹುಟ್ಟುವ ಟೌನ್ ಸೆಂಟರ್ 25 ಸೆಕೆಂಡು ಖಾಲಿ ಕೂತರೆ ಒಬ್ಬ ಆಳು ಖೋತಾ. ಆ ಆಳು ಕಡಿಯಬೇಕಿದ್ದ ಮರ, ಆ ಮರದಿಂದ ಏಳಬೇಕಿದ್ದ ಲಾಯ, ಲಾಯದಿಂದ ಬರಬೇಕಿದ್ದ ಕುದುರೆ, ಎಲ್ಲವೂ ಹಿಂದಕ್ಕೆ. ಕಾಡುಹಂದಿಯನ್ನು ಕೆಣಕಿ ಊರ ನಡುವಿಗೆ ಓಡಿಸಿಕೊಂಡು ಬರುವುದಿದೆ, ಒಂದು ಹಂದಿಯಲ್ಲಿ 340 ಆಹಾರ, ಅರೆಗಳಿಗೆ ತಡವಾದರೆ ಹಂದಿಯೇ ನಿಮ್ಮ ಆಳನ್ನು ಮುಗಿಸುತ್ತದೆ. ಅಶ್ವದಳ ಕಟ್ಟಬೇಕೋ ಬಿಲ್ಲಾಳುಗಳನ್ನೋ ಎಂಬ ದೊಡ್ಡ ಯೋಚನೆ ಆಮೇಲಿನ ಮಾತು. ಮೊದಲ ಹತ್ತು ನಿಮಿಷ ಪೂರ್ತಿ ಕೈಕೆಲಸ, ಕಸೂತಿ ಹಾಕುವವರಿಗೆ ಬೇಕಾಗುವಂಥದ್ದು.

ನಮ್ಮ ಕಡೆಯ ಸೈಬರ್ ಕೆಫೆಗಳಲ್ಲಿ ಈ ಆಟ ಆಡಿದವರು ಈಗ ನಲವತ್ತರ ಆಚೀಚೆ ಇದ್ದಾರೆ. ಪ್ಲೈವುಡ್ ಗೂಡುಗಳು, ಸದ್ದು ಮಾಡುವ ಫ್ಯಾನು, ಮನೆಯಲ್ಲಿ ಹೇಳಿ ಬಂದದ್ದು ‘ಪ್ರಾಜೆಕ್ಟ್ ವರ್ಕ್’. ಪಕ್ಕದ ಗೂಡಿನವನು ಕಿಟಾರನೆ ಕಿರುಚಿದರೆ ಅವನ ಊರಿಗೆ ದಾಳಿ ಬಿತ್ತೆಂದು ಗೋಡೆಯಾಚೆಯಿಂದಲೇ ತಿಳಿಯುತ್ತಿತ್ತು. ಎದುರಾಳಿ ಮನುಷ್ಯನಾಗಿರಬೇಕು ಎಂಬ ನನ್ನ ಹಟ ಅಲ್ಲಿಂದಲೇ ಬಂದದ್ದು. ಕಂಪ್ಯೂಟರಿನ ಜೊತೆ ಆಡುವುದರಲ್ಲಿ ನನಗೆ ರುಚಿಯಿಲ್ಲ. ಸಿವಿಲೈಸೇಷನ್ ನೋಡಿ, ಸಿಡ್ ಮೈಯರ್ 1991ರಲ್ಲಿ ಶುರುಮಾಡಿದ ಮಹಾನ್ ಆಟ, ಗೌರವವಿದೆ. ಆದರೆ ಅದರಲ್ಲಿ ಕಷ್ಟದ ಮಟ್ಟ ಏರಿಸಿದರೆ ಕಂಪ್ಯೂಟರಿಗೆ ಬುದ್ಧಿ ಹೆಚ್ಚುವುದಿಲ್ಲ, ಪುಕ್ಕಟೆ ಅನುಕೂಲ ಹೆಚ್ಚುತ್ತದೆ. ಅದನ್ನು ಸೋಲಿಸಿದರೆ ಕಳ್ಳಲೆಕ್ಕದ ಅಂಗಡಿಯವನ ಜೊತೆ ಚೌಕಾಸಿ ಗೆದ್ದ ಹಾಗೆ. ಅದಕ್ಕಿಂತ ಪಕ್ಕದ ಗೂಡಿನ ಹುಡುಗ ಮೇಲು.

ಇನ್ನು ಕೊರಿಯಾಕ್ಕೆ ಹೋಗದೆ ಸ್ಟ್ರಾಟಜಿಯ ಮಾತು ಮುಗಿಯುವುದಿಲ್ಲ. ಬೇಗ ಹೇಳಿಬಿಡುತ್ತೇನೆ. 1998ರ ಸ್ಟಾರ್‌ಕ್ರಾಫ್ಟ್. ಅಮೆರಿಕದವರು ಮಾಡಿದ ಆಟ, ಕೊರಿಯಾದವರು ಮನೆದೇವರು ಮಾಡಿಕೊಂಡರು. ಆಟ ತೋರಿಸಲೆಂದೇ ಟಿವಿ ಚಾನೆಲ್ಲುಗಳಿದ್ದವು. ಒಂದು ಸಲಕ್ಕೆ 12 ಸೈನಿಕರಿಗಿಂತ ಹೆಚ್ಚು ಜನರನ್ನು ಆರಿಸುವಂತಿಲ್ಲ ಎಂಬ ನಿಯಮ ಅದರಲ್ಲಿದೆ. ನೂರು ಜನರ ದಂಡಿದ್ದರೆ ಹನ್ನೆರಡು ಹನ್ನೆರಡಾಗಿ ಕಳಿಸಬೇಕು. ಈಗಿನ ಆಟಗಳು ಇಡೀ ದಂಡನ್ನು ಒಂದೇ ಗೀರಿನಲ್ಲಿ ಎತ್ತಿಕೊಡುತ್ತವೆ. ನನ್ನನ್ನು ಕೇಳಿದರೆ ಆ ಹನ್ನೆರಡರ ಬೇಲಿಯೇ ಆಟಕ್ಕೆ ಕಳೆ ಕೊಟ್ಟದ್ದು.

ಅಲ್ಲಿ ಲಿಮ್ ಯೊ-ಹ್ವಾನ್ ಎಂಬ ಆಟಗಾರ. ಬಾಕ್ಸರ್ ಎಂಬುದು ಆಟದೊಳಗಿನ ಹೆಸರು, ಅಭಿಮಾನಿಗಳಿಗೆ ಚಕ್ರವರ್ತಿ. 2004ರ ನವೆಂಬರ್‌ನಲ್ಲಿ ತನ್ನ ಹಳೆಯ ಎದುರಾಳಿ ಹಾಂಗ್ ಜಿನ್-ಹೊ ಜೊತೆ ಸೆಮಿಫೈನಲ್. ಐದರಲ್ಲಿ ಮೂರು ಗೆದ್ದವನು ಮೇಲೆ. ಮೊದಲ ಆಟದಲ್ಲಿ ಬಾಕ್ಸರ್ ಊರು ಕಟ್ಟುವುದನ್ನೇ ಬಿಟ್ಟು, ಕೂಲಿಯಾಳುಗಳನ್ನೂ ಕೈಬೆರಳೆಣಿಕೆಯ ಸೈನಿಕರನ್ನೂ ಎದುರಾಳಿಯ ಹೊಸಿಲಿಗೇ ಕಳಿಸಿ ಅಲ್ಲೊಂದು ಬಂಕರ್ ಎಬ್ಬಿಸಿ ಹೊಡೆದ. ಎಲ್ಲರಿಗೂ ಗೊತ್ತಿದ್ದ ಹಳೆಯ ಪಟ್ಟು. ಎರಡನೇ ಆಟದಲ್ಲೂ ಅದೇ. ಮೂರನೆಯದರಲ್ಲಿ ಮತ್ತೆ ಅದನ್ನೇ ಮಾಡಲಾರ ಎಂದು ಹಾಂಗ್ ಎಣಿಸಿರಬೇಕು. ಮೂರನೆಯದರಲ್ಲೂ ಅದೇ! ಚಿಕನ್ ಹೇಳಿ ಟಿವಿ ಮುಂದೆ ಕೂತವರಿಗೆ ಚಿಕನ್ ಬರುವ ಮೊದಲೇ ಪಂದ್ಯ ಮುಗಿದಿತ್ತು ಎಂದು ಕೊರಿಯಾದಲ್ಲಿ ನಗೆಯಾಡುತ್ತಾರೆ. ದೊಡ್ಡ ಪಂದ್ಯ ಕೆಡಿಸಿದ ಎಂದು ಬೈದವರೂ ಇದ್ದಾರೆ. ನಾನು ಬೈಯುವವರ ಪಕ್ಷವಲ್ಲ. ಅದೇ ಟೂರ್ನಿಯ ಫೈನಲ್‌ನಲ್ಲಿ ಬಾಕ್ಸರ್ ತನ್ನ ಶಿಷ್ಯ ಚೊಯ್ ಯಿಯೊನ್-ಸಂಗ್‌ಗೇ ಸೋತು, ಎಲ್ಲರೆದುರು ಅತ್ತ. ಆ ಪಂದ್ಯದ್ದೇ ಒಂದು ಭಾಷಣವಾಗುತ್ತದೆ. ಬೇಡ, ಬೇಡ.

ಏಕೆಂದರೆ ನಾನು ನಿಜವಾಗಿ ಹೇಳಲು ಬಂದದ್ದು ಅದೇ 2004ರ ಇನ್ನೊಂದು ಸಂಗತಿ. ಆಗಸ್ಟ್ 1, ಕ್ಯಾಲಿಫೋರ್ನಿಯಾದ ಪೊಮೋನಾ, ಒಂದು ವಿಶ್ವವಿದ್ಯಾಲಯದ ಸಭಾಂಗಣ. ಇವೊ ಎಂಬ ಹೊಡೆದಾಟದ ಆಟಗಳ ಜಾತ್ರೆ. ಆಟ ಸ್ಟ್ರೀಟ್ ಫೈಟರ್ ಮೂರು, ಥರ್ಡ್ ಸ್ಟ್ರೈಕ್. ಒಂದು ಕಡೆ ನ್ಯೂಯಾರ್ಕಿನ ಜಸ್ಟಿನ್ ವಾಂಗ್, ಅವನ ಕೈಯಲ್ಲಿ ಚುನ್-ಲೀ ಎಂಬ ಪಾತ್ರ. ಇನ್ನೊಂದು ಕಡೆ ಜಪಾನಿನ ಡೈಗೊ ಉಮೆಹಾರ, ಅವನ ಕೈಯಲ್ಲಿ ಕೆನ್. ಫೈನಲ್‌ಗೆ ಒಂದು ಮೆಟ್ಟಿಲು ಕೆಳಗಿನ ಪಂದ್ಯ.

ನಾನಿದನ್ನು ನೋಡಿದ್ದು ಹಾಸ್ಟೆಲಿನಲ್ಲಿ. ಯಾರದೋ ಹಾರ್ಡ್ ಡಿಸ್ಕಿನಿಂದ ಯಾರಿಗೋ ದಾಟುತ್ತಾ ಬಂದ ಮಬ್ಬು ಮಬ್ಬು ತುಣುಕು. ಆರೇಳು ಜನ ಒಂದೇ ಮಂಚದ ಮೇಲೆ. ನಮ್ಮಲ್ಲಿ ಥರ್ಡ್ ಸ್ಟ್ರೈಕ್ ಆಡಿದವರು ಒಬ್ಬರೂ ಇರಲಿಲ್ಲ. ಆದರೂ ಮುಗಿಯುವ ಹೊತ್ತಿಗೆ ಮಂಚದ ಒಂದು ಹಲಗೆ ಮುರಿದಿತ್ತು.

ಎರಡು ಸಣ್ಣ ನಿಯಮ ಗೊತ್ತಿದ್ದರೆ ಸಾಕು. ಜಾಯ್‌ಸ್ಟಿಕ್ಕನ್ನು ಹಿಂದಕ್ಕೆ ಎಳೆದರೆ ಏಟಿಗೆ ಕೈ ಅಡ್ಡ ಇಟ್ಟ ಹಾಗೆ. ಆದರೆ ದೊಡ್ಡ ಪಟ್ಟುಗಳಿಗೆ ಅಡ್ಡ ಇಟ್ಟರೂ ಚೂರುಚೂರು ಜೀವ ಉದುರುತ್ತದೆ, ಅದಕ್ಕೆ ಚಿಪ್ ಡ್ಯಾಮೇಜ್ ಅನ್ನುತ್ತಾರೆ. ಎರಡನೆಯದು ಪ್ಯಾರಿ. ಏಟು ಮೈಗೆ ತಾಗುವ ಕ್ಷಣದಲ್ಲಿ ಜಾಯ್‌ಸ್ಟಿಕ್ಕನ್ನು ಮುಂದಕ್ಕೆ, ಏಟು ಬರುವ ಕಡೆಗೇ ತಟ್ಟಬೇಕು. ಸರಿಯಾಗಿ ಬಿದ್ದರೆ ಒಂದು ಚೂರೂ ನಷ್ಟವಿಲ್ಲ. ಅದಕ್ಕಿರುವ ಸಮಯ ಸೆಕೆಂಡಿನ ಹತ್ತನೇ ಒಂದು ಪಾಲಿನ ಆಸುಪಾಸು. ತಪ್ಪಿದರೆ ಪೂರ್ತಿ ಏಟು.

ಈಗ ಡೈಗೊನ ಸ್ಥಿತಿ ನೋಡಿ. ಪರದೆಯ ಮೇಲೆ ಅವನ ಜೀವದ ಪಟ್ಟಿ ಒಂದು ಕೂದಲೆಳೆಯಷ್ಟಿದೆ. ಅಡ್ಡ ಕೈ ಇಟ್ಟರೂ ಸಾಯುತ್ತಾನೆ. ಜಸ್ಟಿನ್ ದೂರದಲ್ಲಿ ನಿಂತು ಆತುರವಿಲ್ಲದೆ ಆಡುತ್ತಿದ್ದಾನೆ, ಅವನ ಬಳಿ ಚುನ್-ಲೀಯ ಸೂಪರ್ ಪಟ್ಟು ಸಿದ್ಧವಿದೆ. ಹದಿನೈದು ಒದೆತಗಳ ಸರಮಾಲೆ ಅದು. ಒಂದು ತಾಗಿದರೂ ಸಾಕು. ಗುಂಪಿನಲ್ಲಿ ಯಾರೋ ಜಸ್ಟಿನ್ ಹೆಸರು ಕೂಗುತ್ತಾರೆ. ಡೈಗೊ ಒಂದು ಹೆಜ್ಜೆ ಮುಂದೆ ಬರುತ್ತಾನೆ, ಹಿಂದೆ ಹೋಗುತ್ತಾನೆ. ಇಲ್ಲೇ ನನ್ನ ತಕರಾರಿಗೆ ಪುರಾವೆ ಇರುವುದು. ಆ ಸೂಪರಿನ ಮೊದಲ ಒದೆತ ಕಣ್ಣಿಗೆ ಬಿದ್ದಮೇಲೆ ಕೈ ಆಡಿಸಿ ತಡೆಯುವಂಥದ್ದಲ್ಲ. ಜಸ್ಟಿನ್ ಈಗ ಗುಂಡಿ ಒತ್ತುತ್ತಾನೆ ಎಂದು ಮೊದಲೇ ಎಣಿಸಿ ತಟ್ಟಬೇಕು. ಡೈಗೊ ಅಲ್ಲಿ ಮಾಡುತ್ತಿದ್ದದ್ದು ಅದೇ: ಎದುರಿನವನು ಆಸೆಪಡುವ ದೂರದಲ್ಲಿ ನಿಂತುಕೊಂಡು, ಅವನಿಗೆ ಆಸೆಯಾಗುವ ಗಳಿಗೆಗೆ ಕಾಯುವುದು.

ಜಸ್ಟಿನ್ ಒತ್ತಿದ.

ಮೇಜಿನ ಮೇಲೆ ತಟ್ಟಿ ತೋರಿಸುತ್ತೇನೆ, ಧ್ವನಿಮುದ್ರಣದವರು ಕ್ಷಮಿಸಬೇಕು. ಟಕ್‌ಟಕ್‌ಟಕ್‌ಟಕ್ ಎಂದು ಒಂದು ಗೊಂಚಲು, ಸಣ್ಣ ಬಿಡುವು, ಮತ್ತೆ ಟಕ್‌ಟಕ್‌ಟಕ್‌ಟಕ್ ಇನ್ನೊಂದು ಗೊಂಚಲು, ಆಮೇಲೆ ಒಂಟಿಯಾಗಿ ಒಂದು ಮೇಲೊದೆತ. ಒಂದೊಂದಕ್ಕೂ ಜಾಯ್‌ಸ್ಟಿಕ್ಕನ್ನು ಬೇರೆ ಬೇರೆಯಾಗಿ ತಟ್ಟಬೇಕು. ಬಿಡುವು ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಎರಡನೇ ಗೊಂಚಲಿನ ಮೊದಲ ಒದೆತಕ್ಕೇ ಕತೆ ಮುಗಿಯಿತು. ಪ್ರತಿ ಪ್ಯಾರಿಗೂ ಕೆನ್ ಮೈ ನೀಲಿಯಾಗಿ ಮಿಂಚುತ್ತದೆ. ಐದಾರು ಆಗುವಷ್ಟರಲ್ಲಿ ಗುಂಪಿಗೆ ಏನು ನಡೆಯುತ್ತಿದೆ ಎಂದು ಹೊಳೆದು ಕೂಗು ಏಳುತ್ತದೆ, ಹತ್ತರ ಹೊತ್ತಿಗೆ ಜನ ಎದ್ದು ನಿಂತಿದ್ದಾರೆ. ಹದಿನಾಲ್ಕು ಆದಮೇಲೆ ನಾನಾಗಿದ್ದರೆ ಹದಿನೈದನೆಯದನ್ನೂ ನೆಲದಲ್ಲೇ ನಿಂತು ತಟ್ಟಿ, ಬದುಕಿದೆಯಾ ಬಡಜೀವವೇ ಎನ್ನುತ್ತಿದ್ದೆ. ಡೈಗೊ ಅಲ್ಲಿ ಹಾರಿದ! ಕೊನೆಯ ಒದೆತವನ್ನು ಗಾಳಿಯಲ್ಲಿ ತಟ್ಟಿದ. ಯಾಕೆ ಹಾರಿದ? ನೆಲದ ಮೇಲೆ ತಟ್ಟಿದ್ದರೆ ಬರೀ ಬದುಕುತ್ತಿದ್ದ. ಗಾಳಿಯಿಂದ ಒದೆಯುತ್ತಾ ಇಳಿದರೆ ಚುನ್-ಲೀಗೆ ಉಳಿದ ಜೀವವನ್ನೆಲ್ಲ ಕಸಿಯುವ ಸರಣಿ ಶುರುಮಾಡಬಹುದು. ಹಾರುಗಾಲು, ಕುಳಿತೊದೆತ, ಶೊರ್ಯುಕೆನ್ ಎಂಬ ಹಾರುಗುದ್ದು, ಅದರಿಂದ ಕಳಚಿ ನೇರ ತನ್ನ ಸೂಪರ್. ಮುಗಿಯಿತು. ಸಾವಿನಂಚಿನಲ್ಲಿ ಒದೆತ ಎಣಿಸುತ್ತಿದ್ದವನು ಅದೇ ಹೊತ್ತಿನಲ್ಲಿ ಗೆಲ್ಲುವ ದಾರಿಯನ್ನೂ ಲೆಕ್ಕ ಹಾಕುತ್ತಿದ್ದ. ಇದನ್ನು ಬರೀ ಕೈಚಳಕ ಅಂತೀರಾ?

ಈ ತುಣುಕಿಗೆ ಇವೊ ಮೊಮೆಂಟ್ 37 ಎಂದು ಹೆಸರಿಟ್ಟರು. ಮಿಕ್ಕ ಮೂವತ್ತಾರು ಎಲ್ಲಿ ಎಂದು ಹುಡುಕಬೇಡಿ, ಇಂಥವು ಇನ್ನೂ ಎಷ್ಟೋ ಇವೆ ಎಂಬಂತೆ ಕಾಣಲಿ ಎಂದು ಸುಮ್ಮನೆ ಇಟ್ಟ ಸಂಖ್ಯೆ. ಸೋತ ಜಸ್ಟಿನ್ ಬಗ್ಗೆಯೂ ಒಂದು ಮಾತು. ಅವನು ಸಾಮಾನ್ಯನಲ್ಲ, ಅಮೆರಿಕದಲ್ಲಿ ಅವನಷ್ಟು ಗೆದ್ದವರು ವಿರಳ. ಆದರೂ ಜಗತ್ತಿಗೆ ನೆನಪಿರುವುದು ಅವನು ಒದೆಸಿದ ಆ ಹದಿನೈದು. ಅವನು ಅದನ್ನು ನಗುತ್ತಲೇ ಹೊತ್ತುಕೊಂಡು ನಡೆದ. ಆ ದೊಡ್ಡತನ ನಮ್ಮ ಕ್ರಿಕೆಟ್ಟಿನವರಲ್ಲೂ ಕೆಲವರಿಗೆ ಬೇಕಿತ್ತು, ಹೆಸರು ಹೇಳುವುದಿಲ್ಲ.

ಆಮೇಲೆ ಡೈಗೊ ಆಟ ಬಿಟ್ಟ. ಹೌದು, ಬಿಟ್ಟೇಬಿಟ್ಟ. ಕೆಲಕಾಲ ಮಾಜಾಂಗ್ ಹಿಡಿದ, ಅದನ್ನೂ ಬಿಟ್ಟು ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ. ಈ ಭಾಗ ನೆನೆದಾಗಲೆಲ್ಲ ನನಗೆ ಆಟಕ್ಕಿಂತ ಹೆಚ್ಚು ಮನಸ್ಸು ತುಂಬುತ್ತದೆ. ಲೋಕವೆಲ್ಲ ಅವನ ತುಣುಕು ನೋಡಿ ಮಂಚ ಮುರಿಯುತ್ತಿದ್ದ ಕಾಲದಲ್ಲಿ ಅವನು ಮುದುಕರನ್ನು ಎಬ್ಬಿಸಿ ಕೂರಿಸುತ್ತಿದ್ದ. ಸ್ಟ್ರೀಟ್ ಫೈಟರ್ ನಾಲ್ಕು ಬಂದಾಗ ಮರಳಿದ. 2009ರ ಇವೊ ಫೈನಲ್, ಎದುರಿಗೆ ಯಾರು ಗೊತ್ತೆ? ಜಸ್ಟಿನ್ ವಾಂಗ್. ಡೈಗೊ ಗೆದ್ದ. ಮರುವರ್ಷವೂ ಅವನೇ…

ಗಾಜಿನಾಚೆ ಎರಡು ಬೆರಳು ಕಾಣುತ್ತಿವೆ. ಎರಡು ನಿಮಿಷ ಎಂದೇ ತಿಳಿದುಕೊಳ್ಳುತ್ತೇನೆ.

ಲಾಹೋರಿನ ಅರ್ಸಲಾನ್ ಆಶ್ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. ಟೆಕ್ಕನ್ ಎಂಬ ಹೊಡೆದಾಟದ ಆಟದ ಆಟಗಾರ. ವೀಸಾ, ವಿಮಾನಗಳ ಗೋಳು ದಾಟಿ 2019ರಲ್ಲಿ ಜಪಾನಿನ ಇವೊ ಗೆದ್ದ, ಅದೇ ವರ್ಷ ಲಾಸ್ ವೇಗಾಸ್‌ನ ಇವೊ ಕೂಡ, ಅಲ್ಲಿ ಸೋಲಿಸಿದ್ದು ಕೊರಿಯಾದ ನೀ ಎಂಬ ದಿಗ್ಗಜನನ್ನು. ಅಷ್ಟರ ತನಕ ಟೆಕ್ಕನ್ ಅಂದರೆ ಕೊರಿಯಾ, ಜಪಾನ್ ಎಂದಿದ್ದವರು ಭೂಪಟ ತೆಗೆದು ಲಾಹೋರ್ ಹುಡುಕಿದರು. ಅಂಥವನು ಹುಬ್ಬಳ್ಳಿಯಿಂದ ಯಾಕೆ ಬರಬಾರದು?

ಉಳಿದವು ಚುಟುಕಾಗಿ. ಸೆಕಿರೊ ಎಂಬ ಆಟ, 2019: ಕತ್ತಿಗೆ ಕತ್ತಿ ತಾಗಿಸುವ ಸದ್ದಿಗಾಗಿಯೇ ಆಡಬೇಕು, ಕಂಪ್ಯೂಟರ್ ಎದುರಾಳಿ ಬೇಡ ಎಂಬ ನನ್ನ ಹಟಕ್ಕೆ ಅದೊಂದೇ ವಿನಾಯಿತಿ. ನಡುವೆ ನಿಲ್ಲಿಸಿ ಯೋಚಿಸುವ ಯುದ್ಧದ ಆಟಗಳು: ಒಳ್ಳೆಯವು, ನನಗಲ್ಲ. ಸೋಲುವ ಸೂಚನೆ ಕಂಡ ಕೂಡಲೇ ಹಳೆಯ ಸೇವ್ ತೆರೆಯುವವರ ಜೊತೆ ನಾನು ಚಹಾ ಕೂಡ ಕುಡಿಯುವುದಿಲ್ಲ. ಏಜ್ ಆಫ್ ಎಂಪೈರ್ಸ್‌ಗೆ 2022ರಲ್ಲಿ ದ್ರಾವಿಡರು ಬಂದರು, ಆನೆಗಳೊಂದಿಗೆ, ಉರುಮಿ ಬೀಸುವವರೊಂದಿಗೆ. ಅಲ್ಲಿರುವ ಕಥೆ ರಾಜೇಂದ್ರ ಚೋಳನದು. ನಮ್ಮ ಪುಲಕೇಶಿಗೂ ಒಂದು ಪಾಳಿ ಸಿಗಲಿ ಎಂದು ಕಾಯುತ್ತಿದ್ದೇನೆ. ಇನ್ನು ಮಕ್ಕಳು ಹಾಳಾಗುತ್ತಾರೆಯೇ ಎಂಬ ಪ್ರಶ್ನೆಗೆ ಉತ್ತರ ಬರೆದು ತಂದಿದ್ದೆ, ಚೀಟಿ ಇಲ್ಲೇ ಇದೆ, ಓದಲು ಸಮಯವಿಲ್ಲ.

ಒಂದೇ ಒಂದು ಬಾಕಿ. ಪೊಮೋನಾದಲ್ಲಿ ಆ ದಿನ ಡೈಗೊ ಟೂರ್ನಿ ಗೆದ್ದ ಎಂದು ನೀವು ಅಂದುಕೊಂಡಿದ್ದರೆ, ಇಲ್ಲ, ಗೆಲ್ಲಲಿಲ್ಲ. ಫೈನಲ್‌ನಲ್ಲಿ ಅವನನ್ನು ಸೋಲಿಸಿದ್ದು ಅವನ ದೇಶದವನೇ ಆದ ಕೆಂಜಿ ಒಬಾಟ. ಅವನು ಆಡಿದ್ದು ಯುನ್ ಎಂಬ ಪಾತ್ರ. ಆ ಯುನ್ ಇದೆಯಲ್ಲ, ಅದರ ಸೂಪರ್ ಒಮ್ಮೆ ಶುರುವಾಯಿತೆಂದರೆ… ಆಯಿತು, ಆಯಿತು, ನಿಲ್ಲಿಸಿದೆ.