ಆಜ್ಞೆ ಪಾಲಿಸಿದೆ ಎಂಬ ಉತ್ತರ

(ಜುಮಾ ಖುತ್ಬಾದ ಸಾರಾಂಶ)



ಅನುಸರಣೆಯ ಬಗ್ಗೆ ಈ ಮಿಂಬರ್‌ನಿಂದ ಅನೇಕ ಬಾರಿ ಮಾತನಾಡಿದ್ದೇನೆ. ತಂದೆತಾಯಿಯ ಮಾತು ಕೇಳಬೇಕು, ಉಸ್ತಾದರನ್ನು ಗೌರವಿಸಬೇಕು, ಜಮಾಅತಿನ ಶಿಸ್ತಿಗೆ ಬದ್ಧರಾಗಿರಬೇಕು ಎಂದೆಲ್ಲ ಹೇಳಿದ್ದೇನೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅದೇ ವಿಷಯದ ಇನ್ನೊಂದು ಮುಖವನ್ನು ನಾನು ಹೇಳಿದ್ದು ಕಡಿಮೆ. ಇಂದು ಅದನ್ನು ಹೇಳುತ್ತೇನೆ.

ಬಿ.ಎ. ಓದುವಾಗ ಮನಶ್ಶಾಸ್ತ್ರದ ಪಾಠದಲ್ಲಿ ಒಂದು ಪ್ರಯೋಗದ ಕಥೆ ಬಂದಿತ್ತು. ಅದು 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು. ಅದೇ ವರ್ಷ ಜೆರುಸಲೇಮಿನಲ್ಲಿ ಐಖ್‌ಮನ್ ಎಂಬ ನಾಝಿ ಅಧಿಕಾರಿಯ ವಿಚಾರಣೆ ನಡೆಯುತ್ತಿತ್ತು. ಲಕ್ಷಾಂತರ ಯಹೂದಿಯರನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ಮಾಡಿದ ಆತ, ತಾನು ಮೇಲಿನವರ ಆಜ್ಞೆ ಪಾಲಿಸಿದೆ ಅಷ್ಟೇ ಎನ್ನುತ್ತಿದ್ದ. ಸಾಮಾನ್ಯ ಮನುಷ್ಯ ಆಜ್ಞೆಗೆ ಎಷ್ಟು ದೂರ ಹೋಗುತ್ತಾನೆ ಎಂದು ತಿಳಿಯಲು ಹೊರಟವರು ಸ್ಟಾನ್ಲಿ ಮಿಲ್‌ಗ್ರಾಮ್ ಎಂಬ ಯುವ ವಿಜ್ಞಾನಿ.

ಊರಿನ ನಲವತ್ತು ಗಂಡಸರನ್ನು, ಗುಮಾಸ್ತರು, ಶಿಕ್ಷಕರು, ಇಂಜಿನಿಯರುಗಳು, ಕಾರ್ಮಿಕರು ಹೀಗೆ, ನಾಲ್ಕೂವರೆ ಡಾಲರ್ ಕೊಟ್ಟು ಕರೆಸಲಾಯಿತು. ನೆನಪಿನ ಶಕ್ತಿಯ ಅಧ್ಯಯನ ಎಂದು ಅವರಿಗೆ ಹೇಳಲಾಯಿತು. ಅವರ ಕೆಲಸ ಪಾಠ ಹೇಳುವುದು. ಗೋಡೆಯ ಆಚೆ ಕುರ್ಚಿಗೆ ಕಟ್ಟಿ ಕೂರಿಸಿದ ಮಧ್ಯವಯಸ್ಕನೊಬ್ಬ ತಪ್ಪು ಉತ್ತರ ಕೊಟ್ಟಾಗಲೆಲ್ಲ ಒಂದು ಸ್ವಿಚ್ ಒತ್ತಿ ಅವನಿಗೆ ವಿದ್ಯುತ್ ಶಾಕ್ ಕೊಡಬೇಕು. ಮೊದಲ ಸ್ವಿಚ್ 15 ವೋಲ್ಟ್, ಮುಂದಿನದು 30, ಹೀಗೆ ಹದಿನೈದು ಹದಿನೈದಾಗಿ ಏರಿ ಮೂವತ್ತನೆಯದು 450. ನಂಬಿಕೆ ಬರಲೆಂದು ಅವರಿಗೂ ಒಮ್ಮೆ 45 ವೋಲ್ಟ್‌ನ ರುಚಿ ತೋರಿಸಿದ್ದರು. ನಿಜದಲ್ಲಿ ಆಚೆ ಇದ್ದವನಿಗೆ ಶಾಕ್ ತಗಲುತ್ತಿರಲಿಲ್ಲ, ಆತ ನಟಿಸುತ್ತಿದ್ದ. 300 ಆದಾಗ ಗೋಡೆ ಬಡಿಯುತ್ತಿದ್ದ. 315ರ ನಂತರ ಸದ್ದೇ ಇಲ್ಲ.

ಪಕ್ಕದಲ್ಲಿ ಬೂದು ಕೋಟು ಹಾಕಿದವನೊಬ್ಬ ನಿಂತಿದ್ದ. ಅವನ ಕೈಯಲ್ಲಿ ಬಂದೂಕಿರಲಿಲ್ಲ, ಬಾಯಲ್ಲಿ ಬೆದರಿಕೆ ಇರಲಿಲ್ಲ. ದಯವಿಟ್ಟು ಮುಂದುವರಿಸಿ ಎಂಬ ಧಾಟಿಯ ನಾಲ್ಕು ಮಾತು ಮಾತ್ರ. ಕೊನೆಯವರೆಗೆ ಹೋಗುವವರು ಎಷ್ಟು ಮಂದಿ ಎಂದು ಮನೋವೈದ್ಯರನ್ನು ಕೇಳಿದಾಗ ಸಾವಿರಕ್ಕೆ ಒಬ್ಬ ಎಂದಿದ್ದರು. ಹೋದವರು ನಲವತ್ತರಲ್ಲಿ ಇಪ್ಪತ್ತಾರು. 300ರ ಮೊದಲು ಒಬ್ಬನೂ ನಿಲ್ಲಿಸಲಿಲ್ಲ.

ಇವರು ಕಟುಕರಾಗಿದ್ದರೇ? ಇಲ್ಲ. ಬೆವರಿದರು, ನಡುಗಿದರು, ತುಟಿ ಕಚ್ಚಿಕೊಂಡರು, ಕೆಲವರಿಗೆ ತಡೆಯಲಾರದ ನಗು ಬಂತು. ಏನಾದರೂ ಆದರೆ ಯಾರು ಹೊಣೆ ಎಂದು ಕೇಳಿದವರಿಗೆ, ಹೊಣೆ ತನ್ನದು ಎಂದು ಕೋಟಿನವನು ಹೇಳಿದರೆ ಸಾಕಾಗುತ್ತಿತ್ತು. ಕೆಲವರು ಅದು ನಾಟಕವೆಂದು ಗುರುತಿಸಿದ್ದರು ಎಂಬ ಆಕ್ಷೇಪ ನಂತರ ಬಂದಿದೆ. ಜನರನ್ನು ಹೀಗೆ ಮೋಸಗೊಳಿಸುವುದು ಸರಿಯೇ ಎಂಬ ಪ್ರಶ್ನೆಯೂ ಇದೆ, ನನಗೂ ಸರಿ ಅನಿಸುವುದಿಲ್ಲ. ಆದರೆ ನಾಟಕ ಎಂದು ತಿಳಿದವನು ಯಾಕೆ ಬೆವರುತ್ತಾನೆ?

ಸಹೋದರರೇ, ಆ ಹದಿನೈದು ವೋಲ್ಟ್‌ಗಳನ್ನು ಗಮನಿಸಿ. ಮೊದಲೇ 450 ಒತ್ತು ಎಂದಿದ್ದರೆ ಹೆಚ್ಚಿನವರು ಎದ್ದು ಹೋಗುತ್ತಿದ್ದರು ಎಂದು ನನಗನಿಸುತ್ತದೆ. ಈಗಷ್ಟೇ 285 ಒತ್ತಿದವನಿಗೆ 300 ಯಾಕೆ ಬೇಡ ಎನ್ನಲು ಕಾರಣ ಸಿಗುವುದಿಲ್ಲ. ಬೇಡ ಎಂದರೆ ಹಿಂದೆ ಒತ್ತಿದ್ದೂ ತಪ್ಪು ಎಂದು ಒಪ್ಪಬೇಕಾಗುತ್ತದೆ.

ಈಗ ಪ್ರವಾದಿವರ್ಯರ(ಸ) ಕಾಲಕ್ಕೆ ಬನ್ನಿ. ಹಝ್ರತ್ ಅಲೀ(ರ) ವರದಿ ಮಾಡಿದ ಈ ಘಟನೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಪ್ರವಾದಿವರ್ಯರು(ಸ) ಒಂದು ತುಕಡಿಯನ್ನು ಕಳುಹಿಸಿ ಅನ್ಸಾರಿಯೊಬ್ಬರನ್ನು ನಾಯಕರಾಗಿ ನೇಮಿಸಿದ್ದರು, ಅವರ ಮಾತು ಕೇಳುವಂತೆಯೂ ಹೇಳಿದ್ದರು. ದಾರಿಯಲ್ಲಿ ನಾಯಕರಿಗೆ ಸಿಟ್ಟು ಬಂತು. ಕಟ್ಟಿಗೆ ತನ್ನಿ ಎಂದರು, ತಂದರು. ಬೆಂಕಿ ಹಚ್ಚಿ ಎಂದರು, ಹಚ್ಚಿದರು. ಇನ್ನು ಅದರೊಳಗೆ ಇಳಿಯಿರಿ ಎಂದರು. ಕೆಲವರು ಇಳಿಯಲು ಸಿದ್ಧರಾದರು. ಉಳಿದವರು ತಡೆದರು. ಬೆಂಕಿಗೆ ಹೆದರಿಯೇ ಅಲ್ಲವೇ ನಾವು ಪ್ರವಾದಿಯ ಬಳಿ ಓಡಿ ಬಂದದ್ದು ಎಂಬುದು ಅವರ ವಾದ. ಅಷ್ಟರಲ್ಲಿ ಬೆಂಕಿ ಆರಿತು, ನಾಯಕರ ಸಿಟ್ಟೂ ಇಳಿಯಿತು. ವಿಷಯ ತಿಳಿದ ಪ್ರವಾದಿವರ್ಯರು(ಸ), ಇಳಿದಿದ್ದರೆ ಅದರಿಂದ ಹೊರಬರುತ್ತಲೇ ಇರಲಿಲ್ಲ, ಅನುಸರಣೆ ಇರುವುದು ಒಳಿತಿನಲ್ಲಿ ಮಾತ್ರ ಎಂದು ಸ್ಪಷ್ಟಪಡಿಸಿದರು.

ಇಲ್ಲೂ ಮೆಟ್ಟಿಲುಗಳಿವೆ ನೋಡಿ. ಕಟ್ಟಿಗೆ, ಬೆಂಕಿ, ಆಮೇಲೆ ಜೀವ. ಆದರೆ ಇಲ್ಲಿ ಜೊತೆಯಲ್ಲಿದ್ದವರು ತಡೆದರು. ಮಿಲ್‌ಗ್ರಾಮ್ ಕೂಡ ಇದನ್ನು ಪರೀಕ್ಷಿಸಿದ್ದರು. ಜೊತೆಗೆ ಕೂತ ಇಬ್ಬರು ಮಧ್ಯದಲ್ಲೇ ಒಲ್ಲೆ ಎಂದು ಎದ್ದಾಗ, ಕೊನೆಯವರೆಗೆ ಹೋದವರು ನಲವತ್ತರಲ್ಲಿ ನಾಲ್ಕೇ ಮಂದಿ. ಅದಕ್ಕೂ ಹತ್ತು ವರ್ಷ ಹಿಂದೆ ಸಾಲಮನ್ ಆಶ್ ಎಂಬವರು ಬರೀ ಗೆರೆಗಳ ಉದ್ದ ಹೇಳಿಸಿ ನೋಡಿದ್ದರು. ಉಳಿದವರೆಲ್ಲ ಒಟ್ಟಾಗಿ ತಪ್ಪು ಹೇಳಿದರೆ, ಕಣ್ಣಿಗೆ ಕಾಣುವ ಸತ್ಯವನ್ನೂ ಬಿಟ್ಟು ಅನೇಕರು ಹಾಗೇ ಹೇಳಿದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಹೇಳಿದರೆ ಸಾಕು, ಧೈರ್ಯ ಬರುತ್ತಿತ್ತು.

ಮಿಲ್‌ಗ್ರಾಮ್ ಬಳಿಗೆ ಬಂದವರಲ್ಲಿ ಬೈಬಲ್‌ನ ಹಳೆಯ ಒಡಂಬಡಿಕೆ ಕಲಿಸುವ ಪ್ರಾಧ್ಯಾಪಕರೊಬ್ಬರಿದ್ದರು. ಅವರು ಮಧ್ಯದಲ್ಲೇ ನಿಲ್ಲಿಸಿದರು. ಇಂಥ ಅಧಿಕಾರವನ್ನು ಎದುರಿಸುವ ಬಲ ಹೇಗೆ ಬರುತ್ತದೆ ಎಂದು ಕೇಳಿದಾಗ, ದೇವನನ್ನೇ ಪರಮ ಅಧಿಕಾರಿ ಎಂದುಕೊಂಡವನಿಗೆ ಮನುಷ್ಯರ ಅಧಿಕಾರ ಚಿಕ್ಕದಾಗುತ್ತದೆ ಎಂಬರ್ಥದ ಉತ್ತರ ಕೊಟ್ಟರು. ಬೇರೆ ಧರ್ಮದವರ ಬಾಯಲ್ಲಿ ನಮ್ಮ ಕಲಿಮಾದ ಅರ್ಥ ಓದಿ ನನಗೆ ನಾಚಿಕೆಯಾಯಿತು. ಯಾಕೆಂದು ಹೇಳುತ್ತೇನೆ.

ಹದಿನೈದು ವರ್ಷಗಳ ಹಿಂದೆ, ಮಲೆನಾಡಿನ ಒಂದು ಊರಿನಲ್ಲಿ ನಾನು ಇಮಾಮನಾಗಿದ್ದೆ. ಒಬ್ಬರು ಮಸೀದಿಯ ಲೆಕ್ಕ ಕೇಳಿ ಅರ್ಜಿ ಕೊಟ್ಟಿದ್ದರು. ಅದು ಜಗಳವಾಗಿ ಬೆಳೆಯಿತು. ಒಂದು ಶುಕ್ರವಾರ ಕಮಿಟಿಯವರು ನನ್ನ ಕೈಗೆ ಪತ್ರ ಕೊಟ್ಟರು. ಆ ಮನೆಯ ಮದುವೆಗೆ ಯಾರೂ ಹೋಗಬಾರದು ಎಂದಿತ್ತು. ನಾನು ಹಿಂಜರಿದೆ. "ನೀವು ಓದಿಬಿಡಿ ಉಸ್ತಾದ್, ನಿಮಗೇನು? ತೀರ್ಮಾನ ನಮ್ಮದು" ಎಂದರು. ನಾನು ಓದಿದೆ. ಒಬ್ಬರೂ ಮಾತಾಡಲಿಲ್ಲ.

ಮರುದಿನ ಮದ್ರಸದಲ್ಲಿ ಅವರ ಏಳು ವರ್ಷದ ಹುಡುಗ ಬೆಂಚಿನಲ್ಲಿ ಒಬ್ಬನೇ ಕೂತಿದ್ದ. ಹಾಗೆ ಮಾಡಲು ಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ನೋಡಿದ ಮಕ್ಕಳು ತಾವೂ ಹಾಗೇ ಹೊಡೆಯುತ್ತಾರೆಂದು ಆಲ್ಬರ್ಟ್ ಬಂಡೂರಾ ಎಂಬವರು 1961ರಲ್ಲೇ ತೋರಿಸಿದ್ದನ್ನು ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅಂದು ಕಣ್ಣಾರೆ ಕಂಡೆ.

ಮದುವೆಯ ದಿನ ಮೀನು ಮಾರುವ ಒಬ್ಬ ಹಿರಿಯ ಕಾಕ ಹೆಂಡತಿಯನ್ನು ಕರೆದುಕೊಂಡು ಎಲ್ಲರೆದುರೇ ಆ ಮನೆಗೆ ನಡೆದರು. ಮಧ್ಯಾಹ್ನದ ಊಟದ ಹೊತ್ತಿಗೆ ಹತ್ತಿಪ್ಪತ್ತು ಮಂದಿ ಬಂದಿದ್ದರಂತೆ. ನಾನು ಹೋಗಲಿಲ್ಲ. ನಿಕಾಹ್‌ಗೆ ಬೇರೆ ಊರಿನ ಉಸ್ತಾದರು ಬಂದಿದ್ದರು.

ನಾಯಕರ, ಹಿರಿಯರ ಮಾತು ಕೇಳಿ ದಾರಿ ತಪ್ಪಿದೆವು ಎಂದು ಪರಲೋಕದಲ್ಲಿ ಗೋಗರೆಯುವವರ ಪ್ರಸ್ತಾಪ ಅಲ್ ಅಹ್ಝಾಬ್ ಅಧ್ಯಾಯದಲ್ಲಿದೆ. ಆ ಆಯತ್‌ಗಳನ್ನು ನಮಾಝಿನಲ್ಲಿ ಓದುವಾಗ ನನಗೆ ಆ ಪತ್ರ ನೆನಪಾಗುತ್ತದೆ. ಮೊನ್ನೆ ಕ್ಷಮೆ ಕೇಳಲು ಆ ಮನೆಗೆ ಹೋಗಿದ್ದೆ. ಚಹಾ ಕೊಟ್ಟರು. "ಓದುವಾಗ ನಿಮ್ಮ ಕೈ ನಡುಗುತ್ತಿತ್ತು ಉಸ್ತಾದ್, ನಾನು ಮೂರನೇ ಸಫ್‌ನಲ್ಲಿದ್ದೆ. ಅರ್ಧಕ್ಕೆ ನಿಲ್ಲಿಸುತ್ತೀರಿ ಅಂದುಕೊಂಡೆ" ಎಂದರು. ಕ್ಷಮಿಸಿದ್ದೇನೆ ಎಂದೂ ಹೇಳಿದರು.

ನಮ್ಮ ಕಮಿಟಿಯ ಅಧ್ಯಕ್ಷರೊಂದಿಗೆ ಈ ವಾರ ಮಾತಾಡಿದ್ದೇನೆ. ಇನ್ನು ಮುಂದೆ ಜುಮಾದಲ್ಲಿ ಓದಬೇಕಾದ ಯಾವುದೇ ಪ್ರಕಟಣೆ ಗುರುವಾರ ಇಶಾದ ನಂತರ ನನ್ನ ಕೈ ಸೇರಬೇಕು. ಯಾರ ಬಗ್ಗೆ ಬರೆದಿದೆಯೋ ಅವರನ್ನು ಆ ರಾತ್ರಿಯೇ ನಾನು ಭೇಟಿಯಾಗುತ್ತೇನೆ. ಅವರು ಒಪ್ಪಿದ್ದಾರೆ.