ಮುಚ್ಚಿದ ಅಂಗಡಿ, ಉಳಿದ ಪ್ರಶ್ನೆ

(ಗಾಣಗಾಪುರದ ಕೂಲಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಸರಾಯಿ ಅಂಗಡಿಗಾಗಿ ಮರುಗುವ ಮಾತನ್ನು ಪಕ್ಷದ ಕೆಲಸಗಾರರ ಬಾಯಲ್ಲಿ ಕೇಳಿ ನಿಮ್ಮಲ್ಲಿ ಕೆಲವರು ನಗಬಹುದು. ನಗಿರಿ, ಆದರೆ ಕೊನೆಯವರೆಗೆ ಕೇಳಿರಿ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸರಾಯಿ ಮಾರಾಟ ನಿಂತಿತು. ನಮ್ಮ ಓಣಿಯ ಅಂಗಡಿಗೂ ಕೀಲಿ ಬಿತ್ತು. ಆಗ ನಾವು ಮೆಟ್ರಿಕ್ ಮುಗಿಸಿದ ಹುಡುಗರು. ಕುಡಿಯಲು ಅಲ್ಲಿಗೆ ಹೋದವರಲ್ಲ; ಕಾಗದ ಓದಿಸಲು, ಅರ್ಜಿ ಬರೆಸಲು ಕೂಲಿಕಾರರು ನಮ್ಮನ್ನು ಅಲ್ಲಿಗೇ ಕರೆಯುತ್ತಿದ್ದರು. ತೊಗರಿ ರಾಶಿಗೆ ಯಾವ ಹೊಲದಲ್ಲಿ ಎಷ್ಟು ಕೂಲಿ, ಯಾವ ಮುಕಾದಮ ಯಾರ ಮುಂಗಡದ ಲೆಕ್ಕ ತಪ್ಪಿಸಿದ, ಯಾರ ಮನೆಯ ಹೆಣ ಹೊರಲು ಜನ ಬೇಕು, ಎಲ್ಲವೂ ಅಲ್ಲಿ ತಿಳಿಯುತ್ತಿತ್ತು. ಚಹಾದ ಹೋಟೆಲಿನಲ್ಲಿ ಬೇರೆ ಕಪ್ಪು ಹಿಡಿಯಬೇಕಾದವನು ಇಲ್ಲಿ ಎಲ್ಲರ ಮಗ್ಗುಲಲ್ಲಿ ಕೂಡುತ್ತಿದ್ದ.

ಅದೇ ಅಂಗಡಿಯ ಹೊಸ್ತಿಲಾಚೆ ಸಂತೆಯ ದಿನ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬ ಹೆಣ್ಣುಮಗಳು ನಿಂತಿರುತ್ತಿದ್ದಳು. ವಾರದ ಕೂಲಿಯಲ್ಲಿ ಜೋಳಕ್ಕಾಗುವಷ್ಟಾದರೂ ಉಳಿಯಲೆಂಬುದು ಅವಳ ಆಸೆ. ಅವಳಿಗೆ ಒಳಗೆ ಜಾಗವಿರಲಿಲ್ಲ. ಅಂಗಡಿ ಮುಚ್ಚಿದಾಗ ಅವಳು ಅಳಲಿಲ್ಲ. ಅವಳದೇ ಸರಿ. ಆದ್ದರಿಂದ ನಾವು ಸರಾಯಿಗಾಗಿ ಅಳುವುದಿಲ್ಲ. ಕೂಡುವ ಜಾಗ ಹೋಯಿತೆಂದು ಅಳುತ್ತೇವೆ.

ಸರಕಾರ ಮುಚ್ಚಿದ್ದು ಬಡವರ ಬೈಠಕ್ಕನ್ನು, ಕುಡಿತವನ್ನಲ್ಲ. ಸರಾಯಿ ಹೋಯಿತು, ಬಾಟಲಿಯ ವಿಸ್ಕಿ, ರಮ್ಮು ಉಳಿದವು. 2019ರ ಜನವರಿಯಲ್ಲಿ ಹಳ್ಳಿಯ ಹೆಂಗಸರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರು. 2025-26ರ ರಾಜ್ಯ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟಿತು. ಅವರಿಗೆ ಸಿಕ್ಕ ಉತ್ತರ ಇದು!

ಸಂಗಮಕ್ಕೆ ಬರುವ ಯಾತ್ರಿಕನಿಗೆ ಧರ್ಮಶಾಲೆಯಿದೆ. ಸಾಹುಕಾರನಿಗೆ ಪಡಸಾಲೆಯಿದೆ. ದಿನವೆಲ್ಲ ಬೆನ್ನು ಬಾಗಿಸಿ ದುಡಿದವನು, ದುಡಿದವಳು ಸಂಜೆ ಎಲ್ಲಿ ಕೂಡಬೇಕು?

1957ರಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ನೌಕರರು ಅಳುತ್ತ ಕೂಡಲಿಲ್ಲ. ಸಹಕಾರ ಸಂಘ ಕಟ್ಟಿ ತಾವೇ ನಡೆಸಿದರು. ಬೆಂಗಳೂರಿನ ಸಂಘ ಆ ವರ್ಷದ ಆಗಸ್ಟ್ 19ರಂದು ಆರಂಭವಾಯಿತು. ಅವರಿಗೆ ಸಾಧ್ಯವಾದದ್ದು ನಮಗೇಕೆ ಆಗದು?

ನಾವು ದೊಡ್ಡದೇನನ್ನೂ ಕೇಳುತ್ತಿಲ್ಲ. ಒಂದು ಕೋಣೆ, ಒಂದು ದೀಪ, ಒಂದು ಪತ್ರಿಕೆ, ಎಲ್ಲರಿಗೂ ಒಂದೇ ಬಗೆಯ ಕಪ್ಪಿನಲ್ಲಿ ಚಹಾ. ಹೆಣ್ಣುಮಕ್ಕಳು ಹೊಸ್ತಿಲಾಚೆ ನಿಲ್ಲದೆ ಒಳಗೆ ಕೂಡಬೇಕು. ಜಾಗವನ್ನು ಪಂಚಾಯತಿಯಿಂದ ಪಡೆಯೋಣ. ಗೋಡೆಯನ್ನು ನಮ್ಮ ಕೈಗಳೇ ಕಟ್ಟಲಿ. ಅರ್ಜಿಯನ್ನು ಇಂದೇ ಬರೆದು ತಂದಿದ್ದೇವೆ. ಸಹಿ ಬಲ್ಲವರು ಸಹಿ ಮಾಡಿರಿ, ಉಳಿದವರು ಹೆಬ್ಬೆಟ್ಟು ಒತ್ತಿರಿ. ಮೊದಲನೆಯ ಹೆಬ್ಬೆಟ್ಟು ಅಂದು ಹೊರಗೆ ನಿಂತಿದ್ದ ತಾಯಿಯದಾಗಲಿ.